ನೀನು ಕಳಿಸಿದ ಇನ್ವರ್ಟರ್

ಮನೆಯಿಂದ,
ಜೂನ್ ೧೪, ಭಾನುವಾರ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಸೇತುವೆ ಕೆಲಸದ ಕ್ಯಾಂಪಿನ ಊಟ ಒಗ್ಗಿತೇ? ಸೊಂಟನೋವು ಕಡಿಮೆಯಾಯಿತೇ? ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಆದರೆ ಸುಳ್ಳು ಬರೆಯುವಷ್ಟು ತ್ರಾಣವೂ ಇಲ್ಲ ಕಣೋ.

ಅಮ್ಮನ ಆಕ್ಸಿಜನ್ ಮೆಷಿನ್ನಿಗೆಂದು ನೀನು ಇನ್ವರ್ಟರ್ ಕಳಿಸಿದ ದಿನ ಮನೆಯೆಲ್ಲ ಸಡಗರ. ಮೇನ್ ಸ್ವಿಚ್ ಆರಿಸಿ ನೋಡಿದೆವು. ಬಲ್ಬು ಉರಿಯಿತು, ಫ್ಯಾನು ತಿರುಗಿತು, ಎಲ್ಲರೂ ಭೇಷ್ ಎಂದೆವು. ಮೆಷಿನ್ನನ್ನೇ ಹಚ್ಚಿ ನೋಡುವ ಬುದ್ಧಿ ಒಬ್ಬರಿಗೂ ಬರಲಿಲ್ಲ. ಈಗ ಕರೆಂಟ್ ಹೋದರೆ ಫ್ಯಾನು ಗುಂಯ್‌ಗುಡುತ್ತದೆ, ಅದು ಹಾಳಾಗಲಿ. ಮೆಷಿನ್ ನರಳಿ, ಕಾದು, ಕಿರುಚಿ, ನಿಂತೇ ಬಿಡುತ್ತದೆ. ಅಮ್ಮನ ತುಟಿ ನೀಲಿಗಟ್ಟುತ್ತದೆ.

ಎಲೆಕ್ಟ್ರಿಕ್ ಅಂಗಡಿಯವರನ್ನು ಕರೆತಂದೆ. ಪುಟ್ಟ ಪರದೆಯ ಉಪಕರಣ ಹಚ್ಚಿ ತೋರಿಸಿದರು. ಲೈನಿನ ಕರೆಂಟಿನ ಗೆರೆ ನುಣ್ಣಗೆ ಏರಿ ಇಳಿಯುತ್ತಿತ್ತು. ನಿನ್ನ ಇನ್ವರ್ಟರಿನದು ಮೆಟ್ಟಿಲು ಮೆಟ್ಟಿಲು. “ಬಲ್ಬಿಗೆ ಇದು ನಡೆಯುತ್ತಮ್ಮ, ಮೆಷಿನ್ನಿಗೆ ಆಗಲ್ಲ. ಅದಕ್ಕೆ ಲೈನಿನಂಥ ನುಣ್ಣನೆ ಗೆರೆ, ಸೈನ್ ವೇವೇ ಬೇಕು,” ಎಂದು ಬೇರೊಂದನ್ನು ತಂದು ಜೋಡಿಸಿದರು. ಅದರ ಗೆರೆ ಥೇಟ್ ಲೈನಿನ ಗೆರೆಯಂತೆಯೇ ಇತ್ತು. ಮೆಷಿನ್ ತೆಪ್ಪಗೆ ನಡೆಯಿತು. ನಾನು ಅಲ್ಲೇ ಅತ್ತುಬಿಟ್ಟೆ.

ಆದರೆ ನಮ್ಮಮ್ಮ ಕೇಳಬೇಕಲ್ಲ! “ನನ್ನ ಮಗ ಕಳಿಸಿದ್ದನ್ನ ಮೂಲೆಗೆ ಹಾಕ್ತೀರಾ? ಮೊದಲು ನನ್ನ ಹಾಕಿ” ಎಂದು ರಂಪ ಮಾಡಿ ಮತ್ತೆ ನಿನ್ನದನ್ನೇ ಜೋಡಿಸುವಂತೆ ಮಾಡಿದಳು. ಹೊಸದು ಬಾಗಿಲ ಹಿಂದೆ ಸುಮ್ಮನೆ ಕೂತಿದೆ. ನಿನಗೆ ಹೇಳೋಣವೆಂದರೆ ಮನೆಯಲ್ಲಿರುವ ಒಂದೇ ಫೋನು ಅವಳ ದಿಂಬಿನಡಿ. ನೀನು ಮಾಡಿದಾಗಲೆಲ್ಲ “ಒಳ್ಳೇ ಮಾಲು ಕಳಿಸಿದೀಯ ಮಗಾ” ಎಂದು ಏದುಸಿರಿನಲ್ಲೇ ಹೊಗಳಿ ಇಟ್ಟುಬಿಡುತ್ತಾಳೆ. ಕೇಳಿ ನೀನೂ ಉಬ್ಬಿಹೋಗಿರುತ್ತೀಯ, ನನಗೆ ಗೊತ್ತಿಲ್ಲವೇ? ನಿನ್ನನ್ನು ದೂರುತ್ತಿಲ್ಲ, ಬೇಜಾರು ಮಾಡಿಕೊಳ್ಳಬೇಡ. ನನಗೆ ಭಯವಾಗಿದೆ, ಅಷ್ಟೇ.

ಎತ್ತರದ ಮೇಲೆ ನಿಂತು ಕೆಲಸ ಮಾಡುವವನು, ಹುಷಾರಾಗಿರು. ನೂರು ಕಾಲ ಬಾಳು.

ನಿನ್ನ ಜಗಳಗಂಟಿ
ಅಕ್ಕ

ತಾ.ಕ.: ಸಹಿ ಹಾಕುವಷ್ಟರಲ್ಲೇ ಕರೆಂಟ್ ಹೋಯಿತು. ಓಡಿಹೋಗಿ ನೋಡಿದರೆ ಮೆಷಿನ್ ಕಿರುಚುತ್ತಿರಲಿಲ್ಲ. ಅಮ್ಮ ತಾನೇ ಅದನ್ನು ಆರಿಸಿ, ಮೂಗಿನ ನಳಿಕೆ ತೆಗೆದಿಟ್ಟು, ನಿನ್ನ ಇನ್ವರ್ಟರಿನ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. “ಪಾಪ, ಇದಕ್ಕೆ ಸುಸ್ತಾಗಿದೆ ಕಣೇ. ಸ್ವಲ್ಪ ಸುಧಾರಿಸ್ಕೊಳ್ಳಲಿ” ಎಂದಳು. ತಮ್ಮಾ, ನಿನ್ನ ಕಾಲಿಗೆ ಬೀಳುತ್ತೇನೆ, ಓದಿದ ಕೂಡಲೇ ಅವಳಿಗೆ ಫೋನ್ ಮಾಡು. ಬಾಗಿಲ ಹಿಂದಿರುವುದನ್ನೂ ನೀನೇ ಕಳಿಸಿದ್ದು ಅಂತ ಹೇಳು.