ಅರವತ್ತು ಸಾವಿರದ ನಾನೂರ ತೊಂಬತ್ತೊಂದು

ನನ್ನ ಮುಂಗೋಪಿ ತ್ವಾನ್‌ಗೆ,

ಪರೀಕ್ಷಾ ಕೊಠಡಿಯಲ್ಲಿ ಕಾವಲು ನಿಂತಿದ್ದೇನೆ. ಮಕ್ಕಳು ತಲೆ ಬಗ್ಗಿಸಿ ಬರೆಯುತ್ತಿದ್ದಾರೆ, ಲೆಕ್ಕದ ಟೀಚರಾದ ನನಗೆ ಮಾತ್ರ ಕೂತಲ್ಲಿ ಕೂರಲಾಗುತ್ತಿಲ್ಲ. ನಿನ್ನೆಯಿಂದ ನೀನು ಫೋನ್ ಎತ್ತಿಲ್ಲ. ಇವತ್ತು ಸಂಜೆ ನೀನು ನಿಶ್ಚಿತಾರ್ಥದ ಎಲೆ ಅಡಿಕೆಯ ತಟ್ಟೆ ಹಿಡಿದು ನಮ್ಮ ಮನೆಗೆ ಬರಬೇಕು. ಬರುತ್ತೀಯಾ ಇಲ್ಲವಾ?

ನಿನ್ನೆ ಅಪ್ಪ ಅಂಗಳದ ಚೆಂಡುಹೂವಿನ ಕುಂಡಗಳ ನಡುವೆ ನಿಂತು ನಿನ್ನ ಗಾಡಿಯ ನಂಬರಿನ ಅಂಕಿಗಳನ್ನು ಬೆರಳಲ್ಲಿ ಕೂಡಿದ್ದು ಈಗಲೂ ಕಣ್ಣಿಗೆ ಕಟ್ಟಿದೆ. "ಆರು, ಸೊನ್ನೆ, ನಾಕು, ಒಂಬತ್ತು, ಒಂದು. ಕೂಡಿದ್ರೆ ಇಪ್ಪತ್ತು. ಹತ್ತುಗಳನ್ನ ಬಿಟ್ರೆ ಕೊನೇಲಿ ಏನುಳೀತು? ಸೊನ್ನೆ! ಮಗಳನ್ನ ಸೊನ್ನೆ ಹಿಂದೆ ಕೂರಿಸಿ ಕಳಿಸ್ಲಾ? ಈಗಿನ ಕಾನೂನಲ್ಲಿ ಗಾಡಿ ಮಾರಿದ್ರೂ ಆ ನಂಬರು ನಿನ್ನ ಹೆಸರಿಗೇ ಅಂಟ್ಕೊಂಡಿರುತ್ತಲ್ಲಪ್ಪ. ನಾಳೆ ಬಸ್ಸಲ್ಲಿ ಬಾ, ಅದನ್ನ ನಮ್ಮಂಗಳಕ್ಕೆ ತರ್ಬೇಡ."

"ನಿಮ್ಮ ಗಾಡಿ ನಂಬರು ಕೂಡಿದ್ರೆ ಭರ್ತಿ ಒಂಬತ್ತು ಬರುತ್ತೆ, ಆದ್ರೂ ಕಾಲುವೆಗೆ ಬೀಳೋದು ತಪ್ಪಿದ್ಯಾ?" ಎಂದು ಅಮ್ಮ ಒಳಗಿನಿಂದ ಅಪ್ಪನನ್ನು ಚುಚ್ಚಿದಳು. ನೀನು ನಗಲಿಲ್ಲ. "ಸಾಯೋ ತನಕ ನಮ್ಮಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಓಡಾಡಿದ್ದು ಇದೇ ಗಾಡೀಲಿ. ಬಂದ್ರೆ ಇದ್ರಲ್ಲೇ ಬರ್ತೀನಿ, ಇಲ್ದಿದ್ರೆ ಬರಲ್ಲ," ಎಂದವನೇ ಹೊರಟುಬಿಟ್ಟೆ. ನಾನು ಗರಬಡಿದವಳಂತೆ ನಿಂತೇ ಇದ್ದೆ.

ಬೆಳಿಗ್ಗೆ ಈ ಕೊಠಡಿಗೆ ಬಂದಾಗ ಒಂದು ಹುಚ್ಚು ಹಿಡಿಯಿತು. ನಿನ್ನ ಸಂಖ್ಯೆ ಅವಿಭಾಜ್ಯವಾಗಿದ್ದರೆ, ಯಾವುದರಿಂದಲೂ ಒಡೆಯದಿದ್ದರೆ, ಅಪ್ಪನಿಗೆ ಎದುರು ನಿಲ್ಲುತ್ತೇನೆ. ಒಡೆದರೆ ಬಾಯಿ ಮುಚ್ಚಿಕೊಂಡಿರುತ್ತೇನೆ ಎಂದು ಮನಸ್ಸಿನಲ್ಲೇ ಹರಕೆ ಹೊತ್ತೆ. ಏಳರಿಂದ ಭಾಗಿಸಿದೆ, ನಾಲ್ಕು ಉಳಿಯಿತು. ಹದಿಮೂರರಿಂದ ಭಾಗಿಸಿದೆ, ಎರಡು ಉಳಿಯಿತು. ಎದ್ದು ಒಂದು ಸುತ್ತು ಹಾಕಿ ಬಂದು ಮತ್ತೆ ಭಾಗಿಸಿದೆ. ಇನ್ನೂರ ನಲವತ್ತೈದರವರೆಗೆ ನೋಡಿದರೆ ಸಾಕು, ಅದರಾಚೆಯ ಸಂಖ್ಯೆಯಿಂದ ಒಡೆಯುವುದಾದರೆ ಅದರ ಜೋಡಿ ಈಚೆಯೇ ಸಿಕ್ಕಿರಬೇಕು. ಇನ್ನೂರ ಮೂವತ್ತೊಂಬತ್ತಕ್ಕೂ ಅದು ಜಗ್ಗಲಿಲ್ಲ. ನೋಡಲು ಉಳಿದಿದ್ದ ಅವಿಭಾಜ್ಯ ಇನ್ನೂರ ನಲವತ್ತೊಂದು ಒಂದೇ ಕಣೋ.

ಅದರಿಂದ ಭಾಗಿಸಿದೆ. ಶೇಷ ಸೊನ್ನೆ. ಇನ್ನೂರ ನಲವತ್ತೊಂದು ಗುಣಿಸು ಇನ್ನೂರ ಐವತ್ತೊಂದು. ಕಣ್ಣು ತುಂಬಿ ಬಂತು. ಆ ಎರಡೂ ಅವಿಭಾಜ್ಯಗಳೇ. ಅವು ನಾವಿಬ್ಬರೇ ಎಂದು ಒಂದು ಕಥೆ ಕಟ್ಟಬಹುದಿತ್ತು. ಆಗ ನನಗೂ ಅಪ್ಪನಿಗೂ ಏನು ವ್ಯತ್ಯಾಸ? ಅವರು ಕೂಡಿ ಶಕುನ ನೋಡಿದರು, ನಾನು ಭಾಗಿಸಿ ನೋಡಿದೆ, ಅಷ್ಟೇ. ಆ ಬಡಪಾಯಿ ಸಂಖ್ಯೆಗೆ ನೀನೂ ಗೊತ್ತಿಲ್ಲ, ನಾನೂ ಗೊತ್ತಿಲ್ಲ. ನಿನ್ನೆ ಅಂಗಳದಲ್ಲಿ ಬಾಯಿ ಬಿಡಬೇಕಿದ್ದವಳು ನಾನು.

ಗಂಟೆ ಹೊಡೆದ ಕೂಡಲೇ ನೀನು ಕೆಲಸ ಮಾಡುವ ದೋಣಿಕಟ್ಟೆಗೆ ಬಂದು ಈ ಕಾಗದವನ್ನು ನಾನೇ ನಿನ್ನ ಕೈಗೆ ಕೊಡುತ್ತೇನೆ. ಬಾಯಲ್ಲಿ ಹೇಳಲು ಹೋದರೆ ಅತ್ತುಬಿಡುತ್ತೇನೆ. ಓದಿ ಮುಗಿಸಿ ಗಾಡಿ ತೆಗೆ. ತಟ್ಟೆಯನ್ನು ನನ್ನ ಮಡಿಲಲ್ಲಿಡು. ನಾನು ನಿನ್ನ ಹಿಂದೆ ಕೂತೇ ಅಪ್ಪನ ಅಂಗಳಕ್ಕೆ ಬರುತ್ತೇನೆ. ಅವರು ಬಾಗಿಲು ಹಾಕಿಕೊಂಡರೆ ತಟ್ಟುವವಳೂ ನಾನೇ.

ನಿನ್ನ ಸಿಟ್ಟು ಬೇಗ ಇಳಿಯಲಿ, ಹೊಟ್ಟೆ ತಣ್ಣಗಿರಲಿ.

ಹೆದರಿಕೊಂಡೇ ಹೊರಟಿರುವ,
ನಿನ್ನ ಕ್ವಿಯೆನ್