ನೀರ್ಹೊಲದ ಹುಳ

ತೆಪ್ಪದೂರು, ಕೃಷ್ಣೆಯ ಹಿನ್ನೀರು
ಇಸವಿ ೨೨೧೪, ಹದಿನಾಲ್ಕನೇ ತಿಂಗಳು, ಮೂರನೇ ದಿನ

ನಮಗಿಂತ ಇನ್ನೂರು ವರ್ಷ ಮೊದಲು ಬಾಳಿದವರೇ,

ಹದಿನಾಲ್ಕನೇ ತಿಂಗಳು ಎಂದರೆ ನೀವು ನಗಬಹುದು. ನೀರಸೊಪ್ಪು ನೆಟ್ಟು ಕೊಯ್ಯಲು ಇಪ್ಪತ್ತಾರು ದಿನ ಬೇಕು. ನಮ್ಮ ತಿಂಗಳೂ ಅಷ್ಟೇ ದಿನದ್ದಾಗಿದೆ. ನನ್ನ ಇನ್ನೂ ಕೆಲವು ಮಾತು ನಿಮಗೆ ವಿಚಿತ್ರವೆನಿಸಿದರೆ ಮನ್ನಿಸಿ. ಈ ಪತ್ರ ನಿಮ್ಮನ್ನು ಹೇಗೆ ತಲುಪೀತೋ ತಿಳಿಯದು, ಆದರೂ ಬರೆಯದೆ ಇರಲಾರೆ.

ನಾನು ಚಂಪವ್ವ. ತೆಪ್ಪಗಳನ್ನು ಬಿಗಿದು ಕಟ್ಟಿದ ಈ ಊರಿನಲ್ಲಿ ನೀರಗಾವಲಿಯಾಗಿದ್ದೆ, ಎಂದರೆ ನೀರನ್ನು ಪರೀಕ್ಷಿಸುವವಳು. ನಮ್ಮ ಹೊಲಗಳೆಲ್ಲ ನೀರಿನಲ್ಲೇ ಇವೆ. ಗಂಡಸರು ಹೆಂಗಸರು ಬೆಳಗಿನಿಂದ ಸೊಂಟಮಟ್ಟ ನೀರಲ್ಲಿ ನಿಂತು ಸೊಪ್ಪು ಕೊಯ್ಯುತ್ತಾರೆ, ಬೇರಿಗಂಟಿದ ಪಾಚಿಯನ್ನು ಉಜ್ಜಿ ತೆಗೆಯುತ್ತಾರೆ. ದಂಡೆ ದೂರವಾದ್ದರಿಂದ ಮೂತ್ರಕ್ಕೂ ಯಾರೂ ಮೇಲೆ ಬರುವುದಿಲ್ಲ. ಹನ್ನೆರಡು ವರ್ಷದ ಹಿಂದೆ ಪಾಚಿಯಿಂದ ಬೆಳೆ ಕೊಳೆಯತೊಡಗಿದಾಗ, ಪಾಚಿ ತಿನ್ನುವ ಬಸವನಹುಳುಗಳನ್ನು ಕೆಳದಂಡೆಯಿಂದ ತರಿಸಿ ಹೊಲಕ್ಕೆ ಬಿಡಿಸಿದವಳು ನಾನು. ಬೆಳೆ ಉಳಿಯಿತು. ಊರವರು ನನಗೆ ಶಾಲು ಹೊದಿಸಿದರು.

ಆಮೇಲೆ ನೀರ್ಹೊಲಕ್ಕೆ ಇಳಿಯುವ ಮನೆಗಳಲ್ಲಿ ಬಸಿರು ನಿಲ್ಲದಾಯಿತು. ಊರೇ ಅಳಿದೀತೆಂಬ ಭಯಕ್ಕೆ ಹಿರಿಯ ಈರಸಂಗಪ್ಪನವರು ಕಟ್ಟಳೆ ಮಾಡಿದರು: ಮದುವೆಯಾಗಿ ಏಳು ವರ್ಷಕ್ಕೂ ಮಗುವಾಗದಿದ್ದರೆ ಹೆಂಡತಿ ಒಣದಂಡೆಯ ಬಿಡಾರಕ್ಕೆ ಹೋಗಬೇಕು, ಗಂಡ ಬೇರೆ ಮದುವೆಯಾಗಬೇಕು. ನಾಲ್ವರು ಆಗಲೇ ಹೋಗಿದ್ದರು. ನನ್ನ ತಮ್ಮ ಹುಚ್ಚೀರಪ್ಪನ ಹೆಂಡತಿ ಫಕೀರವ್ವನಿಗೆ ಒಂಬತ್ತು ದಿನ ಉಳಿದಿತ್ತು.

ಬಟ್ಟೆಬರೆಯ ಗಂಟು ಕಟ್ಟಲು ನೆರವಾಗೋಣವೆಂದು ಹೋದವಳಿಗೆ ಅವಳ ಲಂಗದ ಮೇಲೆ ರಕ್ತದ ಕಲೆ ಕಂಡಿತು. ಮುಟ್ಟಾಗಿದ್ದೀಯಾ ಎಂದು ಕೇಳಿದೆ.

“ಇಲ್ಲಕ್ಕಾ, ಉಚ್ಚಿ ಜೋಡಿ ಹೋಗತೈತಿ. ಹೊಲಕ್ಕ ಇಳಿಯೋರಿಗೆಲ್ಲಾ ಹಿಂಗ ಅಲ್ಲೇನು? ಉಷ್ಣ ಅಂತಾರ.”

ನಾನು ಯಾವತ್ತೂ ಹೊಲಕ್ಕೆ ಇಳಿದವಳಲ್ಲ. ನನಗದು ಗೊತ್ತೇ ಇರಲಿಲ್ಲ. ಅವಳ ಮೂತ್ರವನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ ಒಂದು ತುದಿಯಲ್ಲಿ ಮುಳ್ಳಿದ್ದ ಮೊಟ್ಟೆಗಳು ಕಂಡವು. ಇಂಥ ಮೊಟ್ಟೆಯ ಹುಳ ಬಸವನಹುಳುವಿನೊಳಗೆ ಬೆಳೆಯುತ್ತದೆಂದು ಓದಿದ ನೆನಪಿತ್ತು. ಐದಾರು ಬಸವನಹುಳುಗಳನ್ನು ಗಾಜಿನ ಲೋಟದಲ್ಲಿ ಹಾಕಿ ಬಿಸಿಲಿಗಿಟ್ಟೆ. ಮಧ್ಯಾಹ್ನದೊಳಗೆ ಕವಲುಬಾಲದ ಮರಿಗಳು ನೀರಿನ ತುಂಬ ಕುಣಿಯುತ್ತಿದ್ದವು. ಅವು ನೀರಲ್ಲಿ ನಿಂತವರ ಚರ್ಮ ಕೊರೆದು ಒಳಗೆ ಸೇರುತ್ತವೆ, ಬೆಳೆದು ಮೂತ್ರಕೋಶ ಗರ್ಭಕೋಶಗಳ ಸುತ್ತ ಮೊಟ್ಟೆಯಿಡುತ್ತವೆ. ಮೂತ್ರದೊಡನೆ ನೀರಿಗೆ ಬಿದ್ದ ಮೊಟ್ಟೆ ಒಡೆದು ಮತ್ತೆ ಬಸವನಹುಳುವನ್ನೇ ಸೇರುತ್ತದೆ. ಮೊಟ್ಟೆಗಳಿಂದ ಸೂಸುವ ರಸ ಹೆಣ್ಣಿನ ಹಾರ್ಮೋನಿನಂತೆಯೇ ಇರುತ್ತದಂತೆ. ಮೈ ಅದಕ್ಕೆ ಮೋಸಹೋಗಿ ತನ್ನ ಹಾರ್ಮೋನುಗಳ ಲೆಕ್ಕ ತಪ್ಪುತ್ತದೆ. ಗಂಡಸರಲ್ಲೂ ಗಂಡಸಿನ ಹಾರ್ಮೋನು ಇಳಿಯುತ್ತದೆ. ನಾಲ್ಕನೇ ದಿನ ಊರಿಗೆ ಬಂದ ಆಸ್ಪತ್ರೆ ದೋಣಿಯ ಡಾಕ್ಟರಮ್ಮ ಇಷ್ಟನ್ನು ಹೇಳಿ, ಗಂಡನನ್ನೂ ಪರೀಕ್ಷಿಸಬೇಕೆಂದರು.

“ನಂದೇನ ನೋಡೂದೈತಿ? ನಾ ಗಟ್ಟಿಮುಟ್ಟ ಅದೀನಿ,” ಎಂದು ಹುಚ್ಚೀರಪ್ಪ ಎದ್ದುಹೋದ.

ಮೂರು ದಿನ ನಾನೂ ಬಾಯಿ ಬಿಡಲಿಲ್ಲ. ಹೇಳಿದರೆ ಬಸವನಹುಳು ತಂದವಳ್ಯಾರು ಎಂಬ ಪ್ರಶ್ನೆ ಬರುತ್ತದೆ. ಏಳನೇ ದಿನ ಊರ ಸಭೆಯಲ್ಲಿ ಎದ್ದು ನಿಂತು ಎಲ್ಲವನ್ನೂ ಹೇಳಿದೆ.

“ನಿಮ್ಮ ಮನಿ ಹೆಣ್ಮಗಳನ್ನ ಉಳಿಸ್ಕೊಳ್ಳಾಕ ಸುಳ್ಳ ಹೇಳಾಕತ್ತೀಯೇನವಾ?” ಎಂದರು ಈರಸಂಗಪ್ಪ.

“ಸುಳ್ಳ ಹೇಳೂದಾದ್ರ ತಪ್ಪನ್ನ ನನ್ನ ತಲಿ ಮ್ಯಾಲ ಯಾಕ ಹಾಕ್ಕೋತಿದ್ನಿರೀ?”

ಸಭೆ ಗದ್ದಲವಾಯಿತು. ಯಾರೋ ನನ್ನ ಕಡೆ ಚಪ್ಪಲಿ ಎಸೆದರು. ಆಗ ಹುಚ್ಚೀರಪ್ಪ ಮುಂದೆ ಬಂದು ಹಿರಿಯರ ಎದುರು ಒಂದು ಸೀಸೆ ಇಟ್ಟ.

“ಇದು ನಂದ್ರೀ, ಇವತ್ತ ಬೆಳಿಗ್ಗಿದು. ಕೆಂಪ ಐತಿ, ನೋಡ್ರಿ. ನಾಚಿಕೀಗೆ ಇಷ್ಟ ವರ್ಷ ಮುಚ್ಚಿಟ್ಟಿದ್ನಿ. ಆಕಿ ಹೋಗಬೇಕಂದ್ರ ನಾನೂ ಹೋಗಬೇಕಾಗತೈತಿ.”

ಹಿಂದಿನ ಸಾಲಿನಲ್ಲಿ ಒಬ್ಬ ಎದ್ದು ತನಗೂ ಹಾಗೇ ಇದೆ ಎಂದ. ಆಮೇಲೆ ಇನ್ನಿಬ್ಬರು ಎದ್ದರು. ಈರಸಂಗಪ್ಪನವರು ಸೀಸೆಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಅವರು ಬಿಡಾರಕ್ಕೆ ಕಳಿಸಿದ್ದ ನಾಲ್ವರಲ್ಲಿ ಒಬ್ಬಳು ಅವರ ಸ್ವಂತ ಸೊಸೆ.

ಕಟ್ಟಳೆ ರದ್ದಾಯಿತು. ಊರಿಗೆಲ್ಲ, ಬಿಡಾರದ ನಾಲ್ವರಿಗೂ, ಹುಳ ಸಾಯಿಸುವ ಮಾತ್ರೆ ಕೊಟ್ಟರು, ಬಸವನಹುಳುಗಳನ್ನು ಆರಿಸಿ ಸುಟ್ಟರು, ಹೊಲದ ಮಗ್ಗುಲಲ್ಲೇ ಪಾಯಖಾನೆ ಕಟ್ಟಿದರು. ಎರಡು ವರ್ಷದಲ್ಲಿ ಒಂಬತ್ತು ಕೂಸು ಹುಟ್ಟಿದವು. ಹುಳ ಸತ್ತರೂ ಮೈಯೊಳಗಿನ ಗಾಯದ ಕಲೆ ಎಲ್ಲರಲ್ಲೂ ಮಾಯಲಿಲ್ಲ. ಫಕೀರವ್ವನಿಗೆ ಮಗುವಾಗಲಿಲ್ಲ, ಇನ್ನು ಆಗುವುದೂ ಇಲ್ಲವಂತೆ. ಹುಚ್ಚೀರಪ್ಪ ಅವಳ ಜೊತೆಗೇ ಇದ್ದಾನೆ. ನನ್ನನ್ನು ಕೆಲಸದಿಂದ ತೆಗೆದು ಅವಳನ್ನು ನೀರಗಾವಲಿ ಮಾಡಿದರು. ನನ್ನಿಂದಲೇ ಕೆಲಸ ಕಲಿತಳು, ಚೆನ್ನಾಗಿಯೇ ಮಾತಾಡಿಸುತ್ತಾಳೆ. ಆದರೆ ಕೂಸಿನ ಮಾತು ಬಂದರೆ ಎದ್ದು ಹೋಗುತ್ತಾಳೆ. ನಾನು ತಡೆಯುವುದಿಲ್ಲ.

ನಿಮ್ಮಲ್ಲಿ ಒಂದೇ ಬೇಡಿಕೆ. ಎಲ್ಲರಿಗೂ ಇರುವ ಬೇನೆ ಎಂದ ಮಾತ್ರಕ್ಕೆ ಅದನ್ನು ಸಹಜವೆನ್ನಬೇಡಿ. ಮಗುವಾಗಲಿಲ್ಲವೆಂದು ನಿಮ್ಮ ಮನೆಯಲ್ಲಿ ಯಾರದಾದರೂ ಗಂಟು ಕಟ್ಟುತ್ತಿದ್ದರೆ, ಇವತ್ತೇ ಆ ಕೈ ಹಿಡಿಯಿರಿ. ಗಂಡ ಹೆಂಡತಿ ಇಬ್ಬರನ್ನೂ ಡಾಕ್ಟರ ಬಳಿ ಕರೆದೊಯ್ಯಿರಿ. ನನ್ನ ಹಾಗೆ ಮೂರು ದಿನ ಕೂರಬೇಡಿ.

ನಿಮ್ಮ ಮುಂದಿನವಳು,
ಚಂಪವ್ವ