ಹಂಚಿನ ಚಿತ್ರ ಒತ್ತಿದರೆ ಸಾಕಿತ್ತು

ಗದಗ, ಕ್ರಿ.ಶ. ೨೩೧೧, ಹದಿಮೂರನೆಯ ತಿಂಗಳ ನಲವತ್ತನೆಯ ದಿನ

ನೀಲಗಂಗಾ ಅಜ್ಜಿಯವರಿಗೆ, ನಿಮ್ಮ ಮರಿಮಕ್ಕಳ ಮರಿಮಕ್ಕಳಾಚೆಯ ದಾನೇಶ್ವರಿ ಮಾಡುವ ನಮಸ್ಕಾರಗಳು. ನಮ್ಮ ಪಂಚಾಂಗವೂ ಮಾತೂ ಬಹಳ ಬದಲಾಗಿವೆ. ವಿಚಿತ್ರವೆನಿಸಿದರೆ ಮನ್ನಿಸಬೇಕು. ಆದರೆ ನಿಮ್ಮನ್ನು ನೆನೆದರೆ ನನಗೆ ಹೊಟ್ಟೆ ಉರಿಯುತ್ತದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಓಣಿಯ ಹೆಂಗಸರಿಗೆ ಕಂಪ್ಯೂಟರ್ ಕಲಿಸುತ್ತಾ ನೀವು ಫೋನಿನಲ್ಲಿ ಮಾಡಿಸಿದ ವಿಡಿಯೊ ನನಗೆ ಸಿಕ್ಕಿತು. "ಖಾಲಿ ಜಾಗದಾಗ ಮೌಸಿನ ಬಲಗಡೆ ಬಟನ್ ಒತ್ರಿ. ನ್ಯೂ ಅನ್ನೂದರಾಗ ಶಾರ್ಟ್‌ಕಟ್ ಐತಿ. ಶಟ್‌ಡೌನ್ ಕಮಾಂಡ್ ಬರೆದು, ನಿಮಗ ಬೇಕಾದ ಹೆಸರಿಡ್ರಿ. ಮುಗೀತು, ಯಾರನ್ನೂ ಕೇಳೂದು ಬ್ಯಾಡ!" ಎನ್ನುತ್ತೀರಿ. ಹೀಗೆ ಮಾಡಿದ ಶಾರ್ಟ್‌ಕಟ್ಟುಗಳು ನಿಮ್ಮ ಪರದೆಯ ಮೇಲೆ ಚಿತ್ರಗಳಾಗಿ ಕೂತಿವೆ: ಕಂಪ್ಯೂಟರಿಗೆ ಬೀಗ ಹಾಕಲು ಒಂದು ಚಿತ್ರ, ಮತ್ತೆ ಶುರು ಮಾಡಲು ಇನ್ನೊಂದು. ಪೂರ್ತಿ ಬಂದ್ ಮಾಡಲು, ದಿನದ ಅಡುಗೆ ಮುಗಿಸಿ ಮಗುಚಿಟ್ಟ ರೊಟ್ಟಿ ಹಂಚಿನ ಚಿತ್ರ. ಅದನ್ನು ನೀವು ಟಕಟಕ ಎರಡು ಸಲ ಒತ್ತುತ್ತೀರಿ, ಪರದೆ ಕಪ್ಪಾಗುತ್ತದೆ, ನೀವು ನಗುತ್ತೀರಿ. ಆ ನಗು ನೋಡಿದಾಗಲೆಲ್ಲ ನನಗೆ ಮೈ ಪರಚಿಕೊಳ್ಳುವಂತಾಗುತ್ತದೆ.

ನಮ್ಮ ಯಂತ್ರಕ್ಕೆ ಪರದೆಯಿಲ್ಲ, ಗುಂಡಿಯಿಲ್ಲ. ಅದಕ್ಕೆ ಮನೆದನಿ ಎನ್ನುತ್ತೇವೆ. ಗೋಡೆಯೊಳಗಿದ್ದು ದೀಪ, ಒಲೆ, ಬಾಗಿಲು ಎಲ್ಲವನ್ನೂ ನೋಡಿಕೊಳ್ಳುತ್ತದೆ. ಮನೆಯ ಹಿರಿಯಳು ತೀರಿಕೊಂಡರೆ ಅವಳ ದನಿಯನ್ನೂ ರೂಢಿಯನ್ನೂ ಅದಕ್ಕೆ ತುಂಬುವುದು ನಮ್ಮ ಪದ್ಧತಿ. ಅದನ್ನು ಬಂದ್ ಮಾಡಬೇಕಾದರೆ ಮನೆಯವರೆಲ್ಲ ಒಂದೇ ಪಂಕ್ತಿಯಲ್ಲಿ ಕೂತು ಉಂಡು, ಏಳುವ ಮುನ್ನ ಒಬ್ಬೊಬ್ಬರೂ "ಮಲಗು" ಎನ್ನಬೇಕು. ನಮ್ಮ ಮನೆಯಲ್ಲಿ ಉಳಿದವರು ನಾನು, ನನ್ನ ಅಣ್ಣ ಶರಣು ಇಬ್ಬರೇ. ನಾನು ಹೇಳುತ್ತೇನೆ. ಅವನು ಮಜ್ಜಿಗೆ ಅನ್ನ ಮುಗಿಸಿ, ತುಟಿ ಬಿಚ್ಚದೆ ಕೈತೊಳೆಯಲು ಎದ್ದುಬಿಡುತ್ತಾನೆ.

ಅವನೇಕೆ ಹೇಳಿಯಾನು? ಅವ್ವ ಬದುಕಿದ್ದಾಗಲೂ ಅವನೇ ಮೊದಲು, ತೀರಿಕೊಂಡು ದನಿಯಾಗಿ ಗೋಡೆ ಸೇರಿದ ಮೇಲೂ ಅವನೇ ಮೊದಲು. ಅವನು ಹೊಸಿಲು ತುಳಿದರೆ "ಬಂದೇನಪಾ ನನ್ನ ಬಂಗಾರ" ಎನ್ನುತ್ತದೆ ಮನೆದನಿ. ನಾನು ಬಂದರೆ ಹೆಸರು ಹಿಡಿದೂ ಕರೆಯದೆ "ಬಾಗಿಲಾ ಹಾಕ್ಕೋ". ಅವ್ವನನ್ನು ಕೊನೆಯವರೆಗೂ ನೋಡಿಕೊಂಡವಳು ನಾನು. ಈಗ ಅವಳನ್ನು ಮಣ್ಣು ಮಾಡಿ ಬಂದ ಮೇಲೂ ದಿನಾ ಇದನ್ನೇ ಕೇಳಬೇಕು. ನನಗೆ ಬೇಕಾಗಿರುವುದು ಅವ್ವನಿಗಾಗಿ ನೆಮ್ಮದಿಯಾಗಿ ಅಳಲು ಒಂದು ಸದ್ದಿಲ್ಲದ ಸಂಜೆ, ಅಷ್ಟೇ.

ಇಂದು ಶರಣು ಊರಲ್ಲಿಲ್ಲ. ಒಬ್ಬಳೇ ಕೂತು ಉಂಡು, ನಿಮ್ಮ ಹಾಗೆ ಗೋಡೆಯನ್ನು ಟಕಟಕ ಎರಡು ಸಲ ಬಡಿದು "ಮಲಗು" ಎಂದೆ. ಅವ್ವನ ದನಿ ಕೇಳಿತು: "ಶರಣು ಉಂಡಾನೇನು?"

ಅಜ್ಜಿ, ಒಂದೇ ಕೋರಿಕೆ. ಆ ಹಂಚಿನ ಚಿತ್ರದ ಕೆಳಗೆ ನನ್ನ ಹೆಸರು ಬರೆಯಿರಿ. ದಿನದ ಕೆಲಸ ಮುಗಿದಾಗ ಅದನ್ನು ಓದಿ, ಬಾಯಿಬಿಟ್ಟು ಒಮ್ಮೆ ಕರೆದು, ಆಮೇಲೆ ಒತ್ತಿ. ಶರಣು ಹೆಸರಿನಲ್ಲಿ ಮಾತ್ರ ಯಾವ ಶಾರ್ಟ್‌ಕಟ್ಟನ್ನೂ ಮಾಡಬೇಡಿ.

ನಿಮ್ಮ
ದಾನೇಶ್ವರಿ